ಯುದ್ಧದ ಚಿತ್ರದಲ್ಲಿ ಹೆಣ್ಣು ಎಲ್ಲಿದ್ದಾಳೆ?

ಮಾರ್ಚ್ 8ರ ಮಹಿಳಾ ದಿನಕ್ಕೆ ಒಂದು ಪ್ರದರ್ಶನ ಇಡಬೇಕೆಂದು ನಮ್ಮ ಸಂಘದ ಹೆಂಗಸರು ಸೇರಿದ್ದರು. ಉಳಿತಾಯದ ದುಡ್ಡು ಎಣಿಸಿ, ಸಾಲದ ಕಂತು ಬರೆದು, ಪುಸ್ತಕ ಮುಚ್ಚಿದ ಮೇಲೆ ಒಬ್ಬ ತಾಯಿ ಚೀಲದಿಂದ ಒಂದು ಕವರು ತೆಗೆದು ನನ್ನ ಮುಂದಿಟ್ಟರು. ಒಳಗೆ ಅವರ ಮಗಳ ಫೋಟೋ ಇತ್ತು. ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಅವಳ ತಮ್ಮ ಮೊಬೈಲಿನಲ್ಲಿ ತೆಗೆದಿದ್ದನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದರು. ಆ ಫೋಟೋ ತೆಗೆದ ಮೂರನೇ ದಿನ ಹುಡುಗಿ ತೀರಿಕೊಂಡಿದ್ದಳು.

"ಬಾಗ್ಲಲ್ಲೇ ಹಾಕಿ ಮೇಡಮ್ಮೋರೇ. ಬಂದೋರೆಲ್ಲ ಮೊದ್ಲು ಇದ್ನೇ ನೋಡ್ಲಿ" ಎಂದರು.

ನಾನು ಬೇಡ ಎಂದೆ. ಸತ್ತವಳಿಗೂ ಒಂದು ಮರ್ಯಾದೆ ಇರುತ್ತದೆ, ಜಾತ್ರೆಯಂತೆ ಜನ ಬಂದು ನೋಡಿ ಹೋಗುವುದು ಸರಿಯಲ್ಲ ಎಂದು ನಾಲ್ಕು ಮಾತು ಹೇಳಿದೆ. ಮೂಲೆಯಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಸದಸ್ಯೆಯೊಬ್ಬಳು ಸಿಡಿದಳು. "ಹಾಕ್ದೇ ಇದ್ರೆ ಯಾರ್ ನಂಬ್ತಾರೆ? ಪೇಪರ್ನೋರು ಅವಳ ಮದ್ವೆ ಫೋಟೋ ಹಾಕಿದ್ರು. ಅದ್ರಲ್ಲಿ ನಗ್ತಾ ಅವ್ಳೆ."

ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪತ್ರಿಕೆಯ ಆ ಚಿತ್ರವನ್ನು ನಾನೂ ನೋಡಿದ್ದೆ. ಗಂಡನ ಭಾಗವನ್ನು ಕತ್ತರಿಸಿ ತೆಗೆದಿದ್ದರು. ಆದರೆ ಅವನ ಕೈ ಮಾತ್ರ ಅವಳ ಹೆಗಲ ಮೇಲೆ ಹಾಗೇ ಉಳಿದಿತ್ತು.

ಇದನ್ನು ಯೋಚಿಸುತ್ತಾ ನನಗೆ ಯುದ್ಧದ ಚಿತ್ರಗಳ ನೆನಪಾಯಿತು. ಯುದ್ಧಕ್ಕೂ ವರದಕ್ಷಿಣೆ ಸಾವಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಹಿಂಸೆಯನ್ನು ತೋರಿಸುವುದು ಹೇಗೆ, ಯಾರು ತೋರಿಸಬೇಕು, ಯಾರ ಒಳಿತಿಗೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ. ಯುದ್ಧವನ್ನು ಚಿತ್ರಿಸಿದವರಿಗೆ ಈ ಪ್ರಶ್ನೆ ನಮಗಿಂತ ಬಹಳ ಮೊದಲೇ ಎದುರಾಗಿದೆ. ಅವರು ತಪ್ಪಿದ್ದು ಎಲ್ಲಿ, ಸರಿ ಮಾಡಿದ್ದು ಎಲ್ಲಿ ಎಂದು ನೋಡಿದರೆ ನಮಗೂ ಒಂದು ದಾರಿ ಕಂಡೀತು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವಳು. ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಎಷ್ಟೋ ಸಲ ಕರೆದೊಯ್ದಿದ್ದೇನೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು. ಅದರ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಕದನದ ದೊಡ್ಡ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ನುಚ್ಚುನೂರು ಮಾಡಿದ ಕದನ. ಗೋಡೆಯ ತುಂಬಾ ಕುದುರೆ, ಕತ್ತಿ, ಉರುಳಿದ ರುಂಡಗಳು. ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕಂಗೆಟ್ಟು ಕೂತಿದ್ದಾನೆ. ಗೆದ್ದವರ ಮುಖದಲ್ಲಿ ಮಾತ್ರ ಕಳವಳದ ಒಂದು ಗೆರೆಯೂ ಇಲ್ಲ, ತೋಟದಲ್ಲಿ ತಿರುಗಾಡಲು ಬಂದವರ ಹಾಗಿದ್ದಾರೆ.

ಆ ಗೋಡೆಗೂ ಒಂದು ಕತೆಯಿದೆ. 1799ರ ಮುತ್ತಿಗೆಗೆ ಮೊದಲು ಚಿತ್ರವನ್ನು ಅಳಿಸಲಾಗಿತ್ತು. ಪಟ್ಟಣ ಬಿದ್ದ ಮೇಲೆ ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ಅದೂ ಹಾಳಾದ ಮೇಲೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ತಾವು ಸೋತ ಕದನದ ಚಿತ್ರವನ್ನು ಕೊನೆಗೆ ಗೆದ್ದ ಇಂಗ್ಲಿಷರೇ ಜೋಪಾನ ಮಾಡಿದರು! ಎದುರಾಳಿಯ ಶೌರ್ಯವೂ ಗೆದ್ದವನ ಆಸ್ತಿಯೇ ತಾನೆ. ಈ ಕತೆಯನ್ನು ತರಗತಿಗೆ ತರಗತಿಗೆ ರಂಜನೀಯವಾಗಿ ಹೇಳುತ್ತಿದ್ದೆ. ಆದರೆ ಕಾದಾಟದ ಆ ಗೋಡೆಯಲ್ಲಿ ಹೆಂಗಸು ಎಲ್ಲಿದ್ದಾಳೆ ಎಂದು ಒಬ್ಬ ವಿದ್ಯಾರ್ಥಿಯನ್ನೂ ನಾನು ಕೇಳಲಿಲ್ಲ, ನಾನಾಗಿ ಹುಡುಕಿಯೂ ನೋಡಿರಲಿಲ್ಲ. ನಿವೃತ್ತಳಾದ ಮೇಲೆ ಒಮ್ಮೆ ಹೋಗಿ ಅದಕ್ಕೆಂದೇ ನಿಂತು ನೋಡಿದೆ. ನನ್ನ ಕಣ್ಣಿಗೆ ಒಬ್ಬಳೂ ಬೀಳಲಿಲ್ಲ.

ಇಂಗ್ಲಿಷರ ಚಿತ್ರಗಳಲ್ಲೂ ಇದೇ ಕತೆ. 1792ರ ಒಪ್ಪಂದದಲ್ಲಿ ಟಿಪ್ಪು ತನ್ನ ಇಬ್ಬರು ಎಳೆಯ ಗಂಡುಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಆ ಗಳಿಗೆಯನ್ನು ರಾಬರ್ಟ್ ಹೋಮ್, ಮ್ಯಾದರ್ ಬ್ರೌನ್ ಮುಂತಾದ ಚಿತ್ರಕಾರರು ದೊಡ್ಡ ದೊಡ್ಡ ಚಿತ್ರಗಳಾಗಿ ಬರೆದರು. ದೊರೆ ತಂದೆಯಂತೆ ಮಕ್ಕಳ ಕೈ ಹಿಡಿದು ಬರಮಾಡಿಕೊಳ್ಳುತ್ತಿದ್ದಾನೆ. ಮಕ್ಕಳನ್ನು ಕಳಿಸಿ ಜನಾನಾದಲ್ಲಿ ಉಳಿದ ಹೆಂಗಸರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು? ಆ ಚಿತ್ರವನ್ನು ಯಾರೂ ಬರೆಯಲಿಲ್ಲ.

ಅರಮನೆಯವರ ಮಾತು ಬಿಡಿ, ನಮ್ಮ ಊರುಗಳ ಹೊಲದ ಬದುವಿಗೇ ಬನ್ನಿ. ವೀರಗಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಒರಗಿ ಕುಳಿತು ಬುತ್ತಿ ಉಂಡವರೂ ಇದ್ದೀರಿ. ಕನ್ನಡ ನಾಡಿನ ಯುದ್ಧದ ಚಿತ್ರ ಎಂದರೆ ಅದೇ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುವುದು. ಕಲ್ಲಿನಲ್ಲಿ ಹೆಣ್ಣಿಗೆ ಜಾಗ ಸಿಕ್ಕಿತು, ಸ್ವರ್ಗದ ಹೆಣ್ಣಿಗೆ. ಭೂಮಿಯ ಮೇಲೆ ಅವನ ಹೆಂಡತಿಗೆ ಸಿಕ್ಕಿದ್ದು ಇನ್ನೊಂದು ಕಲ್ಲು, ಮಾಸ್ತಿಕಲ್ಲು. ಗಂಡ ಸತ್ತ ಮೇಲೆ ಚಿತೆಗೆ ಹೋದವಳ ನೆನಪಿನ ಕಲ್ಲು. ಅದರಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ, ಚೀತ್ಕಾರವಿಲ್ಲ. ಹೆಚ್ಚಿನವುಗಳಲ್ಲಿ ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಕೈ, ಕೈತುಂಬ ಬಳೆ. ಬೆರಳಿನ ನಡುವೆ ಒಂದು ನಿಂಬೆಹಣ್ಣೂ ಇರುವುದುಂಟು. ಸುಟ್ಟುಹೋದವಳ ಬಳೆ ಒಡೆದಿಲ್ಲ ಎಂದು ಆ ಕಲ್ಲು ಸಾರುತ್ತದೆ.

ಅಂದರೆ ಸುಟ್ಟ ಹೆಣ್ಣನ್ನು ಸುಡದಂತೆ ತೋರಿಸುವ ಕಲೆ ನಮ್ಮಲ್ಲಿ ನೂರಾರು ವರ್ಷಗಳಿಂದ ಇದೆ. ಪತ್ರಿಕೆಯಲ್ಲಿ ಬಂದ ಮದುವೆ ಫೋಟೋ ಈ ಕಾಲದ ಮಾಸ್ತಿಕಲ್ಲು. ಇದು ಹೊಳೆದಾಗ ಸಂಘದಲ್ಲಿ ನಾನು ಆಡಿದ ಮರ್ಯಾದೆಯ ಮಾತು ನನಗೇ ಸಂಶಯವಾಯಿತು. ಯಾರ ಮರ್ಯಾದೆ ಉಳಿಸಲು ಹೊರಟಿದ್ದೆ ನಾನು?

ಕ್ಯಾಮೆರಾ ಬಂದ ಮೇಲೆ ಇನ್ನು ಸುಳ್ಳಿಗೆ ಎಡೆಯಿಲ್ಲ ಎಂದು ಜನ ನಂಬಿದರು. ಅದೂ ಹಾಗಾಗಲಿಲ್ಲ. 1858ರಲ್ಲಿ ಲಖನೌಗೆ ಬಂದ ಫೆಲಿಸ್ ಬಿಯಾಟೊ, ಸಿಕಂದರ್ ಬಾಗ್‌ನ ಅಂಗಳದಲ್ಲಿ ಹರಡಿಬಿದ್ದ ಮೂಳೆಗಳ ಫೋಟೋ ತೆಗೆದ. ಕಾಳಗ ನಡೆದು ತಿಂಗಳುಗಳೇ ಆಗಿದ್ದವು. ಚಿತ್ರಕ್ಕಾಗಿಯೇ ಮೂಳೆಗಳನ್ನು ಅಗೆಸಿ ಹರಡಿಸಿದ್ದ ಎಂದು ಇತಿಹಾಸಕಾರರು ಹೇಳುತ್ತಾರೆ. ಅದೇ ತೋಟದಲ್ಲಿ ಮರವೇರಿ ಗುಂಡು ಹಾರಿಸಿ ಸತ್ತಳೆಂದು ಜನ ಇಂದಿಗೂ ನೆನೆಯುವ ಊದಾ ದೇವಿಯ ಒಂದು ಫೋಟೋವೂ ನಮಗಿಲ್ಲ.

ಇನ್ನು ಚಿತ್ರಕಲೆಯಲ್ಲಿ ಹೆಸರಾದ ಯುದ್ಧವಿರೋಧಿ ಚಿತ್ರ ಪಿಕಾಸೋನ 'ಗೆರ್ನಿಕಾ'. 1937ರ ಏಪ್ರಿಲ್ 26, ಸೋಮವಾರ, ಸ್ಪೇನಿನ ಆ ಊರಲ್ಲಿ ಸಂತೆಯ ದಿನ. ಜರ್ಮನಿ ಮತ್ತು ಇಟಲಿಯ ವಿಮಾನಗಳು ಬಂದು ಬಾಂಬು ಸುರಿದವು. ಚಿತ್ರದಲ್ಲಿ ವಿಮಾನವೂ ಇಲ್ಲ, ಸೇನಾಪತಿಯೂ ಇಲ್ಲ. ನಾಲ್ವರು ಹೆಂಗಸರಿದ್ದಾರೆ. ಒಬ್ಬಳು ಸತ್ತ ಕೂಸನ್ನು ಹಿಡಿದು ಬಾಯ್ತೆರೆದಿದ್ದಾಳೆ, ಇನ್ನೊಬ್ಬಳು ಉರಿಯುವ ಮನೆಯೊಳಗೆ ಎರಡೂ ಕೈ ಎತ್ತಿದ್ದಾಳೆ. ಸೈನಿಕನೊಬ್ಬನಿದ್ದಾನೆ, ತುಂಡು ತುಂಡಾಗಿ ನೆಲದ ಮೇಲೆ. ಯುದ್ಧ ಕಡೆಗೆ ಬಂದು ಬೀಳುವುದು ಯಾರ ಮೇಲೆ ಎಂಬುದನ್ನು ಅಷ್ಟು ದೊಡ್ಡದಾಗಿ ಮೊದಲು ಯಾರೂ ಹೇಳಿರಲಿಲ್ಲ. ಈ ಚಿತ್ರವನ್ನು ಹೋಲುವ ಒಂದು ನೇಯ್ಗೆಯ ಪರದೆ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿತ್ತು. 2003ರ ಫೆಬ್ರವರಿಯಲ್ಲಿ ಇರಾಕ್ ಮೇಲಿನ ಯುದ್ಧಕ್ಕೆ ಸಮರ್ಥನೆ ಕೊಡಲು ಅಮೆರಿಕದ ಮಂತ್ರಿ ಅಲ್ಲಿಗೆ ಬಂದಾಗ ಅದರ ಮೇಲೆ ನೀಲಿ ಬಟ್ಟೆ ಮುಚ್ಚಿದ್ದರು. ಅಷ್ಟರ ಮಟ್ಟಿಗೆ ಚಿತ್ರಕ್ಕೆ ಶಕ್ತಿಯಿದೆ.

ಆದರೆ ನಮ್ಮ ಪತ್ರಿಕೆಯಲ್ಲಿ ಇಷ್ಟಕ್ಕೇ ನಿಲ್ಲಿಸಲಾಗದು. ಆ ಚಿತ್ರ ಬೆಳೆದ ಹಂತಗಳನ್ನೆಲ್ಲ ಫೋಟೋ ತೆಗೆದವಳು ಡೋರಾ ಮಾರ್, ಸ್ವತಃ ಒಳ್ಳೆಯ ಕಲಾವಿದೆ. ಪಿಕಾಸೋ ಅವಳನ್ನು ಅಳುವ ಹೆಂಗಸಾಗಿ ಮತ್ತೆ ಮತ್ತೆ ಬರೆದ. ಅವಳ ನಂತರ ಅವನೊಂದಿಗೆ ಬಾಳಿದ ಫ್ರಾನ್ಸ್ವಾಸ್ ಜಿಲೋ, ಅವನು ಉರಿಯುವ ಸಿಗರೇಟನ್ನು ತನ್ನ ಕೆನ್ನೆಗೆ ಒತ್ತಿದ್ದನ್ನು 1964ರ ತನ್ನ ಪುಸ್ತಕದಲ್ಲಿ ಬರೆದಿದ್ದಾಳೆ. ಬಾಂಬಿನ ಬೆಂಕಿಗೆ ಮರುಗಿದ ಕೈಯೇ ಮನೆಯೊಳಗೆ ಬೆಂಕಿ ಹಿಡಿದಿತ್ತು. ವೇದಿಕೆಯಲ್ಲಿ ಮಹಿಳಾ ವಿಮೋಚನೆ ಮಾತಾಡಿ ಮನೆಗೆ ಹೋಗಿ ತಟ್ಟೆ ಎಸೆಯುವವರನ್ನು ಕಂಡ ನಿಮಗೆ ಇದೇನೂ ಆಶ್ಚರ್ಯದ ಸಂಗತಿಯಲ್ಲ. ಚಿತ್ರ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ನೋವನ್ನು ಚೆನ್ನಾಗಿ ಬರೆದವನಿಗೆಲ್ಲ ನೋವು ಅರ್ಥವಾಗಿದೆ ಎಂದು ತಿಳಿಯಬೇಕಾಗಿಲ್ಲ.

ಅರ್ಥವಾದವಳೊಬ್ಬಳಿದ್ದಳು. ಜರ್ಮನಿಯ ಕೇಥೆ ಕೋಲ್ವಿಟ್ಸ್. ಗಂಡ ಬರ್ಲಿನ್ನಿನ ಕೂಲಿಕಾರರ ಬಡಾವಣೆಯಲ್ಲಿ ವೈದ್ಯ. ಅವನ ದವಾಖಾನೆಗೆ ಬರುತ್ತಿದ್ದ ಬಡ ಹೆಂಗಸರನ್ನು ನೋಡಿ ನೋಡಿ ಅವಳು ಚಿತ್ರ ಬರೆಯುತ್ತಿದ್ದಳು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವಳ ಕಿರಿಯ ಮಗ ಪೀಟರನಿಗೆ 18 ವರ್ಷ. ತಾನಾಗಿ ಸೈನ್ಯ ಸೇರುತ್ತೇನೆ ಎಂದ. ವಯಸ್ಸು ಸಾಲದ್ದರಿಂದ ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಒಪ್ಪಲಿಲ್ಲ. ಮಗನ ಪರವಾಗಿ ಗಂಡನ ಮನವೊಲಿಸಿದವಳು ಕೇಥೆ. ಅಕ್ಟೋಬರ್ ತಿಂಗಳಲ್ಲೇ ಹುಡುಗ ಬೆಲ್ಜಿಯಮ್ಮಿನಲ್ಲಿ ಸತ್ತ.

ಮುಂದಿನ ವರ್ಷಗಳಲ್ಲಿ ಅವಳು ಮರದ ಅಚ್ಚಿನಲ್ಲಿ 'ಯುದ್ಧ' ಎಂಬ ಏಳು ಚಿತ್ರ ಮಾಡಿದಳು. 1920ರ ದಶಕದ ಆರಂಭದಲ್ಲಿ ಅವು ಹೊರಬಂದವು. ಅವುಗಳಲ್ಲಿ ರಣರಂಗವಿಲ್ಲ, ಬಂದೂಕಿಲ್ಲ, ಶತ್ರುವಿಲ್ಲ. ವಿಧವೆ ಇದ್ದಾಳೆ, ತಂದೆತಾಯಿ ಇದ್ದಾರೆ, ಮಕ್ಕಳನ್ನು ನಡುವೆ ಹುದುಗಿಸಿಕೊಂಡು ಒಬ್ಬರನ್ನೊಬ್ಬರು ತಬ್ಬಿ ನಿಂತ ತಾಯಂದಿರಿದ್ದಾರೆ. ಮೊದಲನೇ ಚಿತ್ರದಲ್ಲಿ ತಾಯಿಯೊಬ್ಬಳು ಎಳೆಗೂಸನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಹಿಡಿದಿದ್ದಾಳೆ. ಅದರ ಹೆಸರು 'ಬಲಿ'. ಕಿತ್ತುಕೊಳ್ಳುವವರು ಯಾರೂ ಚಿತ್ರದಲ್ಲಿಲ್ಲ. ಅವಳೇ ಕೊಡುತ್ತಿದ್ದಾಳೆ.

ಈ ಚಿತ್ರದ ಅಚ್ಚನ್ನು ಒಂದು ಪುಸ್ತಕದಲ್ಲಿ ಸಂಘದವರಿಗೆ ತೋರಿಸಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ತಾಯಿ, ಫೋಟೋ ತಂದವರು, ಹೇಳಿದರು: "ಯುಗಾದಿಗೆ ಬಂದಿದ್ಲು. ನಾನ್ ಹೋಗಾಕಿಲ್ಲ ಅಂದ್ಲು. ನಾನೇ ಬಸ್ ಹತ್ತುಸ್ದೆ."

ಹೊಂದಿಕೊಂಡು ಹೋಗು, ಎಲ್ಲರ ಮನೆಯಲ್ಲೂ ಇದ್ದದ್ದೇ, ತಂಗಿಯ ಮದುವೆ ಇದೆ ಎಂದು ಹೇಳಿ ಬಸ್ ಹತ್ತಿಸಿದವರು ನಮ್ಮಲ್ಲಿ ಎಷ್ಟು ಜನ! ಹೊಡೆದವನು, ಸುಟ್ಟವನು ಅಪರಾಧಿ. ಅವನ ಅಪರಾಧವನ್ನು ತಾಯಂದಿರ ತಲೆಗೆ ಕಟ್ಟುವವರ ಜೊತೆ ನಾನಿಲ್ಲ. ಆದರೆ ಕೇಥೆ ಬೇರೆ ಯಾರೂ ಕೇಳುವ ಮೊದಲೇ ತನ್ನ ಕೈಯನ್ನೂ ಚಿತ್ರದೊಳಗೆ ಇಟ್ಟಳು. ಸೈನಿಕರ ಸ್ಮಶಾನಕ್ಕೆಂದು ಅವಳು ಮಾಡಿದ ತಂದೆತಾಯಿಯರ ಕಲ್ಲಿನ ಮೂರ್ತಿಗಳು ಮುಗಿಯಲು 1932ರವರೆಗೆ ಹಿಡಿಯಿತು. ಇಬ್ಬರೂ ಮೊಣಕಾಲೂರಿದ್ದಾರೆ, ಬೇರೆ ಬೇರೆಯಾಗಿ, ಒಬ್ಬರನ್ನೊಬ್ಬರು ಮುಟ್ಟದೆ. ಹಿಟ್ಲರನ ಸರ್ಕಾರ ಅವಳ ಚಿತ್ರಗಳನ್ನು ಪ್ರದರ್ಶಿಸದಂತೆ ಮಾಡಿತು. 1942ರಲ್ಲಿ ಅವಳ ಮೊಮ್ಮಗ, ಅವನ ಹೆಸರೂ ಪೀಟರ್, ಎರಡನೆಯ ಯುದ್ಧದಲ್ಲಿ ಸತ್ತ. ಅವಳ ಕೊನೆಯ ದೊಡ್ಡ ಚಿತ್ರದಲ್ಲಿ ಮುದುಕಿಯೊಬ್ಬಳು ಹುಡುಗರನ್ನು ಎರಡೂ ತೋಳಿನಡಿ ಬಚ್ಚಿಟ್ಟುಕೊಂಡು ಕಾವಲು ನಿಂತಿದ್ದಾಳೆ. ಬಿತ್ತನೆಗೆ ಇಟ್ಟ ಕಾಳನ್ನು ಬೀಸಬಾರದು ಎಂಬರ್ಥದ ಹೆಸರು ಅದಕ್ಕೆ. ಇದನ್ನು ಯಾರೂ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರ ಬರೆಯುವವಳಿಗೆ ಒಂದು ಅನುಕೂಲವಿದೆ. ಅವಳು ಬರೆದ ವಿಧವೆ ಎಲ್ಲ ವಿಧವೆಯರೂ ಆಗಬಲ್ಲಳು. ಫೋಟೋದಲ್ಲಿ ಇರುವವಳು ಒಬ್ಬಳೇ, ಮುಖವಿರುವವಳು, ಊರಿರುವವಳು. ನಮ್ಮ ಕವರಿನಲ್ಲಿದ್ದದ್ದು ಫೋಟೋ. ಆದ್ದರಿಂದ ಎರಡು ಫೋಟೋಗಳ ಕತೆ ಹೇಳಬೇಕು.

1972ರ ಜೂನ್ 8ರಂದು ವಿಯಟ್ನಾಮಿನ ಟ್ರಾಂಗ್ ಬಾಂಗ್ ಹಳ್ಳಿಯ ಮೇಲೆ ವಿಮಾನದಿಂದ ನೇಪಾಮ್ ಸುರಿದರು. ಅದು ಅಂಟಿಕೊಂಡು ಉರಿಯುವ ಪೆಟ್ರೋಲಿನಂಥ ವಸ್ತು. ಸೀಮೆಎಣ್ಣೆ ಏನು ಮಾಡುತ್ತದೆಂದು ನೋಡಿದ ನಿಮಗೆ ಹೆಚ್ಚು ಹೇಳಬೇಕಿಲ್ಲ. ಒಂಬತ್ತು ವರ್ಷದ ಕಿಮ್ ಫುಕ್ ಉರಿಯುವ ಬಟ್ಟೆ ಕಿತ್ತೆಸೆದು ಬೆತ್ತಲೆ ರಸ್ತೆಯಲ್ಲಿ ಓಡಿಬಂದಳು. ಆ ಫೋಟೋ ಲೋಕವನ್ನೆಲ್ಲ ಕಲಕಿತು. ಫೋಟೋದಲ್ಲಿ ಕಾಣದ್ದು, ಅವಳು ಆಮೇಲೆ ಆಸ್ಪತ್ರೆಯಲ್ಲಿ ಕಳೆದ 14 ತಿಂಗಳು. ದೊಡ್ಡವಳಾದ ಮೇಲೆ ಸರ್ಕಾರ ಅವಳನ್ನು ಯುದ್ಧದ ಗುರುತಾಗಿ ಪತ್ರಕರ್ತರ ಮುಂದೆ ಕೂರಿಸತೊಡಗಿತು. ಓದಿಗೆ ಕುತ್ತು ಬಂತು. ಆ ಫೋಟೋವನ್ನು ತಾನು ದ್ವೇಷಿಸಿದ್ದೆ ಎಂದು ಅವಳೇ ಹೇಳಿದ್ದಾಳೆ. 1992ರಲ್ಲಿ ಕೆನಡಾದಲ್ಲಿ ಆಶ್ರಯ ಪಡೆದು, ಮುಂದೆ ತಾನೇ ಮನಸ್ಸು ಮಾಡಿ ಅದನ್ನು ಶಾಂತಿಯ ಕೆಲಸಕ್ಕೆ ಬಳಸಿದಳು. ಫೋಟೋ ಅದೇ, ಆದರೆ ಈಗ ಹಿಡಿದವಳು ಅವಳು. ಆ ಫೋಟೋ ತೆಗೆದವನು ನಿಕ್ ಉಟ್ ಎಂದು ಐವತ್ತು ವರ್ಷ ಎಲ್ಲರೂ ನಂಬಿದ್ದರು. 2025ರಲ್ಲಿ ಅದರ ಬಗ್ಗೆ ವಿವಾದ ಎದ್ದು, 'ವರ್ಲ್ಡ್ ಪ್ರೆಸ್ ಫೋಟೋ' ಸಂಸ್ಥೆ ಅವನ ಹೆಸರನ್ನು ತಡೆಹಿಡಿಯಿತು. ಚಿತ್ರ ಯಾರದು ಎಂದು ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆ. ಓಡಿಬಂದವಳದ್ದು ಎಂದು ಯಾರಿಗೂ ಹೊಳೆದಂತಿಲ್ಲ.

ಎರಡನೆಯದು ನಮ್ಮ ನೆರೆಯದು. 1971ರ ಬಾಂಗ್ಲಾದೇಶದ ಯುದ್ಧದಲ್ಲಿ ಸೈನಿಕರು ಅಸಂಖ್ಯಾತ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ನಾಯಿಬುದ್ದೀನ್ ಅಹ್ಮದ್ ತೆಗೆದ ಒಂದು ಪ್ರಸಿದ್ಧ ಫೋಟೋದಲ್ಲಿ ಹಾಗೆ ನೊಂದವಳೊಬ್ಬಳು ಬಿಚ್ಚಿದ ಕೂದಲನ್ನೂ ಬಳೆ ತೊಟ್ಟ ಮುಷ್ಟಿಗಳನ್ನೂ ಮುಖಕ್ಕೆ ಅಡ್ಡ ಹಿಡಿದಿದ್ದಾಳೆ. ಹೊಸ ಸರ್ಕಾರ ಇವರನ್ನು 'ವೀರಾಂಗನೆ'ಯರೆಂದು ಕರೆಯಿತು. ಮತ್ತೆ ನಮ್ಮ ಮಾಸ್ತಿಕಲ್ಲಿನ ಬಳೆ, ಮತ್ತೆ ದೊಡ್ಡ ಹೆಸರು. ಬಿರುದು ಸಿಕ್ಕಿತು, ಮನೆಗೆ ಸೇರಿಸುವವರು ಸಿಗಲಿಲ್ಲ. ಇಪ್ಪತ್ತು ವರ್ಷದ ಮೇಲೆ, 1992ರಲ್ಲಿ, ಯುದ್ಧಾಪರಾಧಿಗಳ ವಿರುದ್ಧ ಢಾಕಾದಲ್ಲಿ ಜನತಾ ನ್ಯಾಯಾಲಯ ನಡೆಯಿತು. ಒಳ್ಳೆಯ ಉದ್ದೇಶದ ಚಳವಳಿ, ಮುಂದೆ ನಿಂತವರಲ್ಲಿ ಹೆಂಗಸರೂ ಇದ್ದರು. ಹಳ್ಳಿಯಿಂದ ಮೂವರು ಬಡ ಹೆಂಗಸರನ್ನು ಕರೆತಂದರು. ಅವರ ಫೋಟೋ ಪತ್ರಿಕೆಗಳಲ್ಲಿ ಅಚ್ಚಾಯಿತು. ಸಭೆ ಮುಗಿಯಿತು, ಅವರು ಊರಿಗೆ ಮರಳಿದರು. ಫೋಟೋ ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಮಾನ ಮಾರಿಕೊಂಡವರು ಎಂಬ ಕೊಂಕು ಮಾತನ್ನು ವರ್ಷಗಟ್ಟಲೆ ಕೇಳಬೇಕಾಯಿತು. ನಯನಿಕಾ ಮುಖರ್ಜಿ ಎಂಬ ವಿದ್ವಾಂಸೆ ಆ ಹಳ್ಳಿಗೆ ಹೋಗಿ ಉಳಿದು ಇದನ್ನು ವಿವರವಾಗಿ ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ಸೈನಿಕರಿಗಿಂತ ನಮ್ಮಂಥವರ ಮೇಲೆ ಸಿಟ್ಟು ಬಂತು. ಸೈನಿಕರಿಂದ ಇನ್ನೇನು ನಿರೀಕ್ಷಿಸುವುದು?

ಹಾಗಾದರೆ ಹಾಕುವುದೋ, ಬಿಡುವುದೋ? ನನ್ನ ಅಭಿಪ್ರಾಯ ಈಗ ಹೀಗಿದೆ. ಬದುಕಿರುವ ಹೆಂಗಸಿನ ಗಾಯದ ಫೋಟೋ ಅವಳು ಬಾಯಿಬಿಟ್ಟು ಒಪ್ಪದೆ ಗೋಡೆಗೆ ಹೋಗಕೂಡದು. ನಾಳೆ ಬೇಡ ಎಂದರೆ ನಾಳೆಯೇ ತೆಗೆಯಬೇಕು. ಸಂಘದ ಒಳಿತಿಗೆ ಎಂದು ಅವಳನ್ನು ಒತ್ತಾಯಿಸುವುದು ಕೂಡ ಒಂದು ದೌರ್ಜನ್ಯವೇ. ಫೋಟೋದ ಮೊದಲ ಜಾಗ ನ್ಯಾಯಾಲಯದ ಕಡತ. ಮೂಲ ಫೋಟೋ ಇರುವ ಮೊಬೈಲನ್ನು ಮಾರಬೇಡಿ, ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅಂಥ ಫೋಟೋ ಜೊತೆಗೆ ಒಂದು ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ, ವಕೀಲರನ್ನು ಕೇಳಿ. ಸತ್ತವಳನ್ನು ಕೇಳಲಾಗದು. ಅವಳ ಪರವಾಗಿ ಹೇಳಬಲ್ಲವರು ಅವಳನ್ನು ಸಾಕಿದವರು, ಪತ್ರಿಕೆಯವರಲ್ಲ, ನಿವೃತ್ತ ಉಪನ್ಯಾಸಕಿಯೂ ಅಲ್ಲ. ಹಾಕುವುದಾದರೆ ಅವಳು ಯಾರು, ಎಲ್ಲಿಯವರೆಗೆ ಓದಿದಳು, ಏನು ಕೆಲಸ ಬಲ್ಲಳು ಎಂಬುದೂ ಪಕ್ಕದಲ್ಲಿರಬೇಕು. ಸುಟ್ಟದ್ದಷ್ಟೇ ಅವಳ ಪರಿಚಯವಾಗಬಾರದು.

ಇಷ್ಟನ್ನೂ ಸಂಘದಲ್ಲಿ ಹೇಳಿದೆ. ಸಿಡಿದಿದ್ದ ಹುಡುಗಿ ಅರ್ಧಕ್ಕೆ ಒಪ್ಪಿದಳು, ಅರ್ಧಕ್ಕೆ ಒಪ್ಪಲಿಲ್ಲ. ಇದಕ್ಕೆಲ್ಲ ಕಾಯುತ್ತಾ ಕೂತರೆ ಇನ್ನೊಬ್ಬಳು ಸಾಯುತ್ತಾಳೆ ಎಂದಳು. ಅವಳದ್ದು ತಪ್ಪು ಎಂದು ಈಗಲೂ ನನಗೆ ಹೇಳಲಾಗದು.

ಫೋಟೋ ಹಾಕಿದೆವು. ಬಾಗಿಲಲ್ಲಲ್ಲ, ಒಳಗಿನ ಗೋಡೆಯಲ್ಲಿ, ಆ ತಾಯಿ ತೋರಿಸಿದ ಜಾಗದಲ್ಲಿ. ಮಗಳು ಹೊಲಿದ ರವಿಕೆಯೊಂದನ್ನು ಅವರು ಪಕ್ಕದಲ್ಲಿ ತೂಗುಹಾಕಿದರು. ಬೆಳಗಿನಿಂದ ಅಲ್ಲೇ ಒಂದು ಸ್ಟೂಲು ಹಾಕಿ ಕುಳಿತಿದ್ದರು. ಹೆಂಗಸರು ಬಂದರೆ ಎದ್ದು ನಿಂತು ತಾವೇ ಹೇಳುತ್ತಿದ್ದರು. ಮಧ್ಯಾಹ್ನ ಅತಿಥಿಗಳ ಜೊತೆ ಕ್ಯಾಮೆರಾದವರು ಬಂದರು. ಅವರು ಕ್ಯಾಮೆರಾ ಎತ್ತಿದ ಕೂಡಲೇ ಆಕೆ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟರು. ಅವರೆಲ್ಲ ಊಟಕ್ಕೆ ಹೋದ ಮೇಲೆ ಮತ್ತೆ ಈಚೆ ತಿರುಗಿಸಿದರು. ಸಂಜೆ ಐದಕ್ಕೆ ಅದನ್ನು ಇಳಿಸಿ, ಹಳೇ ಸೀರೆಯಲ್ಲಿ ಸುತ್ತಿ, ರವಿಕೆ ಮಡಿಸಿ ಮೇಲಿಟ್ಟುಕೊಂಡು ಊರಿನ ಬಸ್ಸು ಹತ್ತಿದರು.